ಹಂಪಿಯ ಬಂಡೆಗೆ ಯಾವ ಕುಂಚ?

ಮಾತಂಗ ಬೆಟ್ಟದ ನೆತ್ತಿಗೆ ಬಂದಾಗ ಮೂಡಲು ಆಗಷ್ಟೇ ಕೆಂಪೇರುತ್ತಿತ್ತು. ಬೆನ್ನಿನ ಚೀಲದಲ್ಲಿ ಬಣ್ಣದ ಡಬ್ಬಿಯಿಲ್ಲ, ನೀರಿನ ಲೋಟವಿಲ್ಲ. ಇದ್ದದ್ದು ಕ್ರಿಟಾ ಎಂಬ ಉಚಿತ ತಂತ್ರಾಂಶ ಹಾಕಿಕೊಂಡ ಲ್ಯಾಪ್‌ಟಾಪ್, ಒಂದು ಪೆನ್ ಟ್ಯಾಬ್ಲೆಟ್. ಸೂರ್ಯ ಮೇಲೆದ್ದ. ಕೆಳಗೆ ಅಚ್ಯುತರಾಯನ ಗುಡಿ, ಆಚೆ ತುಂಗಭದ್ರೆ, ಬಾಳೆತೋಟಗಳ ಹಸಿರು. ಪಡುವಣದಲ್ಲಿ ವಿರೂಪಾಕ್ಷನ ಒಂಬತ್ತು ಅಂತಸ್ತಿನ ಗೋಪುರ ಪೂರ್ತಿ ಹೊನ್ನಾಗಿ ನಿಂತಿತು. ಇವೆಲ್ಲವನ್ನೂ ಮುತ್ತಿಕೊಂಡು ಬಂಡೆಗಳು, ಕಣ್ಣು ಹಾಯುವಷ್ಟೂ ಬಂಡೆಗಳು!

ತಂತ್ರಾಂಶ ತೆರೆದೊಡನೆ ಕೈಗೆ ಸಿಗುವ ದುಂಡು ಕುಂಚ ಈ ಬಂಡೆಗಳಿಗೆ ಒಗ್ಗುವುದಿಲ್ಲ. ದೂರಕ್ಕೆ ದುಂಡಗೆ ಕಂಡರೂ ಒಳಗೊಳಗೇ ಅವು ಚೌಕ. ಸುಮಾರು 250 ಕೋಟಿ ವರ್ಷ ಹಳೆಯ ಈ ಗ್ರಾನೈಟು ಮೊದಲು ನೇರ ಗೆರೆಗಳಲ್ಲಿ ಬಿರುಕುಬಿಟ್ಟು ಮೂಲೆಮೂಲೆಯ ತುಂಡಾಯಿತು. ಆಮೇಲೆ ಮಳೆ, ಬಿಸಿಲು ಮೂಲೆಗಳನ್ನು ತಿಂದವು. ನಾನೂ ಅದೇ ಕ್ರಮ ಹಿಡಿದೆ. ಎಫ್5 ಒತ್ತಿ ಕುಂಚದ ಸಂಪಾದಕ ತೆರೆದು ತುದಿಯನ್ನು ವೃತ್ತದಿಂದ ಚೌಕಕ್ಕೆ ಬದಲಿಸಿ, ರೇಷಿಯೋ ಇಳಿಸಿದೆ, ಕುಂಚ ಚಪ್ಪಟೆಯಾಯಿತು. ತಿರುಗುವಿಕೆಯನ್ನು ಗೆರೆಯ ದಿಕ್ಕಿಗೆ ಜೋಡಿಸಿದೆ. ಕೈ ಹೊರಳಿದತ್ತ ತುದಿಯೂ ಹೊರಳತೊಡಗಿತು. ನಾಲ್ಕು ಎಳೆತಕ್ಕೆ ಒಂದು ಬಂಡೆ ಎದ್ದು ನಿಂತಾಗ ಮೈ ಜುಮ್ಮೆಂದಿತು. ಮೂಲೆ ತಿನ್ನಲು ಮೆತ್ತನೆ ಅಂಚಿನ ಸಣ್ಣ ಕುಂಚ ಸಾಕು. ಚೌಕ ಆವರಣದ ಎರಡು ಕೀಲಿಗಳಲ್ಲಿ ಎಡದ್ದು ಒತ್ತಿದರೆ ಕುಂಚ ಕುಗ್ಗುತ್ತದೆ, ಬಲದ್ದು ಒತ್ತಿದರೆ ಹಿಗ್ಗುತ್ತದೆ. ಶಿಫ್ಟ್ ಹಿಡಿದು ಪೆನ್ ಎಳೆದರೂ ಆದೀತು.

ಬಾಳೆತೋಟ ಬಿಡಿಸುವಾಗ ಸಿಕ್ಕಿದ್ದು ಇನ್ನೂ ದೊಡ್ಡ ಬೆರಗು. ಸ್ಪೇಸಿಂಗ್ ಎಂಬ ಅಂಕಿಯನ್ನು ಏರಿಸುತ್ತ ಹೋದಂತೆ ನುಣುಪಾದ ಗೆರೆ ಕಣ್ಣೆದುರೇ ಬಿಡಿಬಿಡಿಯಾಯಿತು. ಈ ಲೋಕದಲ್ಲಿ ಗೆರೆಯೆಂಬುದೇ ಇಲ್ಲ! ಕುಂಚದ ತುದಿಯ ಅಚ್ಚು ಮತ್ತೆ ಮತ್ತೆ ಒತ್ತುತ್ತ ಹೋಗುತ್ತದೆ, ಅಷ್ಟೆ. ಸ್ಪೇಸಿಂಗ್ 0.1 ಇದ್ದರೆ, 50 ಪಿಕ್ಸೆಲ್ ಅಗಲದ ಕುಂಚ ಐದೈದು ಪಿಕ್ಸೆಲಿಗೊಮ್ಮೆ ಅಚ್ಚೊತ್ತುತ್ತದೆ. ರಂಗೋಲಿಯ ಚುಕ್ಕಿಗಳನ್ನು ಒತ್ತೊತ್ತಾಗಿ ಇಟ್ಟರೆ ಎಳೆಯೇ ಬೇಡವಾದ ಹಾಗೆ. ಎಲೆಯಾಕಾರದ ತುದಿ ಹಾಕಿ, ಅಂತರ ಹಿಗ್ಗಿಸಿ, ಕೋನವನ್ನೂ ಗಾತ್ರವನ್ನೂ ಕುಂಚದ ಇಚ್ಛೆಗೆ ಬಿಟ್ಟೆ. ಒಂದೇ ಎಳೆತಕ್ಕೆ ತೋಟ ಹಬ್ಬಿತು.

ಬಿಸಿಲೇರಿದ ಮೇಲೆ ಬೆಟ್ಟವಿಳಿದು ವಿರೂಪಾಕ್ಷನ ಗುಡಿ ಹೊಕ್ಕೆ. ಗರ್ಭಗುಡಿಯ ಹಿಂದಿನ ಕತ್ತಲ ಕೋಣೆಗೆ ನೇರ ಬಂದೆ. ಅಲ್ಲಿನ ಸಣ್ಣ ಕಿಂಡಿಯಿಂದ ತೂರಿದ ಬೆಳಕಿನಲ್ಲಿ ಆ ಮಹಾಗೋಪುರ ಗೋಡೆಯ ಮೇಲೆ ತಲೆಕೆಳಗಾಗಿ ಮೂಡಿತ್ತು, ಕಲಶ ಕೆಳಗೆ, ಬುಡ ಮೇಲೆ. ಸುತ್ತಲಿನವರು ಬೆರಳು ತೋರಿಸಿ ಹೋ ಎನ್ನುತ್ತಿದ್ದರು.

ನನಗೆ ಹೊಳೆದದ್ದು ಆಗಲೇ. ಹೊರಗಿನ ಒಂದೊಂದು ಬಿಂದುವಿನಿಂದ ಬಂದ ಬೆಳಕೂ ಕಿಂಡಿಯಲ್ಲಿ ನುಸುಳಿ ಗೋಡೆಯ ಮೇಲೆ ಕಿಂಡಿಯದೇ ಆಕಾರದ ಪುಟ್ಟ ಅಚ್ಚೊತ್ತುತ್ತದೆ. ಲೆಕ್ಕವಿಲ್ಲದಷ್ಟು ಅಚ್ಚುಗಳು ಒಂದರ ಮೇಲೊಂದು ಬಿದ್ದದ್ದೇ ಈ ಗೋಪುರ. ಹಾಗಾದರೆ ಈ ಕಿಂಡಿ ಸೂರ್ಯನ ಕುಂಚದ ತುದಿ! ಅದನ್ನು ಅಗಲ ಮಾಡಿದರೆ ಚಿತ್ರ ಬೆಳಗುತ್ತದೆ, ಆದರೆ ಅಂಚುಗಳು ಕಲಸಿಹೋಗುತ್ತವೆ. ಕಿರಿದು ಮಾಡಿದರೆ ಅಂಚು ಚುರುಕಾಗಿ ಬೆಳಕು ಸೊರಗುತ್ತದೆ. ನಾನು ಬೆಟ್ಟದ ಮೇಲೆ ಕೀಲಿ ಒತ್ತಿ ಹಿಗ್ಗಿಸಿ ಕುಗ್ಗಿಸಿದ ಗಾತ್ರದ ಆಟವನ್ನು ಈ ಕಲ್ಲುಗೋಡೆ ಶತಮಾನಗಳಿಂದ ಆಡುತ್ತಿದೆ.

ಕ್ರಿಟಾದಲ್ಲಿ ನಾವೇ ಬಿಡಿಸಿದ ಆಕಾರವನ್ನು ಕುಂಚದ ತುದಿಯಾಗಿಸಿಕೊಳ್ಳಬಹುದು. ಅಂಗಳದ ನೆರಳಿಗೆ ಬಂದು ಕೂತು ಮೊದಲು ಆ ಕಿಂಡಿಯನ್ನು ಬಿಡಿಸಿದೆ, ಅದನ್ನೇ ತುದಿ ಮಾಡಿಕೊಂಡು ಸ್ಪೇಸಿಂಗ್ ತಗ್ಗಿಸಿದೆ. ಬುಡದಿಂದಲ್ಲ, ಕೆಳಗಿರುವ ಕಲಶದಿಂದ ಶುರು ಮಾಡಿದೆ.