ಘಟ್ಟದ ದಾರಿಯಲ್ಲಿ ನಿಂತ ಚಕ್ರ

ಪಂಪನ ‘ಆದಿಪುರಾಣ’ದಲ್ಲಿ ದಿಗ್ವಿಜಯ ಮುಗಿಸಿ ಬಂದ ಭರತನ ಚಕ್ರರತ್ನವು ಅಯೋಧ್ಯೆಯ ಬಾಗಿಲಲ್ಲೇ ನಿಂತುಬಿಡುತ್ತದೆ. ಸೋದರರು ಇನ್ನೂ ಅಧೀನರಾಗಿಲ್ಲವೆಂಬುದು ಅದರ ಕಾರಣ. ಒಡೆತನವಿದ್ದೂ ಚಕ್ರ ಉರುಳದ ಆ ಕಸಿವಿಸಿಯನ್ನು, ವಿನೋದಕ್ಕಾದರೂ, ಹಳೆಯ ಐಷಾರಾಮಿ ಕಾರಿನ ಒಡೆಯನಿಗೆ ಅನ್ವಯಿಸಬಹುದು. ಕಳಸದಿಂದ ಹೊರನಾಡಿನ ದಾರಿ ಅದಕ್ಕೆ ತಕ್ಕ ರಂಗಸ್ಥಳ.

ಈ ಸೀಮೆಯವರಿಗೆ ಹಳೆಯ ಕಾರೆಂದೊಡನೆ ನೆನಪಾಗುವುದು ಘಟ್ಟದ ಕೆಳಗಿನ ಧರ್ಮಸ್ಥಳ. ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಆಸಕ್ತಿಯಿಂದ ಬೆಳೆದ ಅಲ್ಲಿನ ಸಂಗ್ರಹದಲ್ಲಿ, ಮೈಸೂರು ಸಂಸ್ಥಾನದ ಪ್ರವಾಸದಲ್ಲಿ ಗಾಂಧೀಜಿ ಬಳಸಿದರೆಂದು ಪ್ರತೀತಿಯಿರುವ ಸ್ಟೂಡಿಬೇಕರ್ ಕಾರಿದೆ. ಅಪರಿಗ್ರಹವನ್ನು ಹೇಳುವ ಧರ್ಮಕ್ಕೂ ಇಂತಹ ಸಂಗ್ರಹಕ್ಕೂ ಹೇಗೆ ಹೊಂದಿಕೆ ಎಂಬ ಪ್ರಶ್ನೆ ಏಳಬಹುದು. ಸಾರ್ವಜನಿಕರ ನೋಟಕ್ಕೆ ಬಿಟ್ಟುಕೊಟ್ಟದ್ದನ್ನು ಪರಿಗ್ರಹವೆನ್ನುವುದು ಕಷ್ಟ.

ಆದರೆ ನಿಂತ ಕಾರು ತನ್ನ ಸ್ವಭಾವವನ್ನು ಹೇಳದು. 1928ರಲ್ಲಿ ಕ್ಯಾಡಿಲ್ಯಾಕ್ ಕಾರಿಗೆ ಸಿಂಕ್ರೊಮೆಶ್ ಬರುವ ಮುನ್ನ ಗೇರು ಬದಲಿಸುವುದೇ ಒಂದು ವಿದ್ಯೆ. ಏರಿನಲ್ಲಿ ಕೆಳಗಿನ ಗೇರಿಗೆ ಇಳಿಯಲು ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತಂದು, ಕ್ಲಚ್ ಬಿಟ್ಟು ಎಂಜಿನ್ನಿನ ವೇಗ ಏರಿಸಿ, ಮತ್ತೆ ಕ್ಲಚ್ ಒತ್ತಬೇಕು. ಇದೆಲ್ಲ ಒಂದೆರಡು ಉಸಿರಿನೊಳಗೆ, ಕಿವಿಯ ಅಂದಾಜಿನಲ್ಲಿ ಆಗಬೇಕು. ತಪ್ಪಿದರೆ ಹಲ್ಲಿಗೆ ಹಲ್ಲು ಮಸೆದ ಸದ್ದು ಕಾಫಿ ತೋಟದ ಆಚೆಗೂ ಕೇಳುತ್ತದೆ. ಗೇರು ಸಿಗದ ಕಾರು ಹಿಂದಕ್ಕೆ ಜಾರತೊಡಗುತ್ತದೆ. ಮಳೆಗಾಲದ ಫಜೀತಿ ಬೇರೆ. ಆ ಕಾಲದ ಹಲವು ಕಾರುಗಳ ವೈಪರು ನಡೆಯುವುದು ಎಂಜಿನ್ ಗಾಳಿಯನ್ನು ಎಳೆದುಕೊಳ್ಳುವ ಸೆಳೆತದಿಂದ. ಏರಿನಲ್ಲಿ ಆಕ್ಸಿಲರೇಟರ್ ಒತ್ತಿದಷ್ಟೂ ಆ ಸೆಳೆತ ತಗ್ಗಿ, ಆಷಾಢದ ಮಳೆ ಗಾಜಿಗೆ ಅಪ್ಪಳಿಸುವಾಗಲೇ ವೈಪರು ಸ್ತಬ್ಧವಾಗುತ್ತದೆ. ಭದ್ರೆ ಉಕ್ಕಿದರೆ ಹೆಬ್ಬಾಳೆಯ ಹಳೆಯ ಸೇತುವೆಯೇ ಮುಳುಗುವ ನಾಡಿದು. ಬೇಸಗೆಯಲ್ಲಾದರೆ ರೇಡಿಯೇಟರ್ ಕುದಿಯುತ್ತದೆ, ಕೊಳವೆಯಲ್ಲಿ ಪೆಟ್ರೋಲು ಆವಿಯಾಗಿ ಎಂಜಿನ್ ನಿಲ್ಲುತ್ತದೆ. ಒದ್ದೆ ಬಟ್ಟೆ ಸುತ್ತಿ ಕಾಯದೆ ಗತ್ಯಂತರವಿಲ್ಲ.

ಇಂತಹ ಕಾರುಗಳಲ್ಲಿ ಬಹುಪಾಲು ತಯಾರಾದದ್ದೇ ಒಡೆಯ ಹಿಂದಿನ ಆಸನದಲ್ಲಿ ಕೂರಲೆಂದು. ಎಷ್ಟೋ ರೋಲ್ಸ್‌ರಾಯ್ಸ್‌ಗಳಲ್ಲಿ ಅವನಿಗೂ ಡ್ರೈವರನಿಗೂ ನಡುವೆ ಗಾಜಿನ ತಡೆಯಿತ್ತು. ಇಂದು ಅದೇ ಕಾರನ್ನು ಹವ್ಯಾಸಕ್ಕೆ ಓಡಿಸುವ ಒಡೆಯ ಗಾಜಿನ ಈಚೆಗೆ ಬಂದು, ಡ್ರೈವರನ ಕೈಗೆ ಗೊತ್ತಿದ್ದುದನ್ನು ಮೊದಲಿನಿಂದ ಕಲಿಯಬೇಕಾಗಿದೆ. ಆ ವಿದ್ಯೆ ಕಂಪನಿಯ ಕೈಪಿಡಿಯಲ್ಲಿ ಅರ್ಧವಷ್ಟೇ ಇದೆ. ಉಳಿದರ್ಧ ತಿಳಿದವರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ.

ಕಾರ್ಕಳದಲ್ಲಿ ರೆಂಜಾಳ ಗೋಪಾಲ ಶೆಣೈ ಅವರು ಕಡೆದ 39 ಅಡಿಯ ಬಾಹುಬಲಿ ವಾಹನವೇರಿ ಧರ್ಮಸ್ಥಳಕ್ಕೆ ಬಂದ ಕಥೆ ಪ್ರಸಿದ್ಧ. ಶಿಲ್ಪಿಯ ಹೆಸರು ನಾಡಿಗೆ ಗೊತ್ತು. ಸ್ಟಿಯರಿಂಗ್ ಹಿಡಿದವರ ಹೆಸರು ಎಷ್ಟು ಜನರಿಗೆ ಗೊತ್ತು? ಮಲೆನಾಡಿನ ಎಸ್ಟೇಟುಗಳ ಡ್ರೈವರುಗಳ ಬಗ್ಗೆ ಸಂಶೋಧಿಸಬಯಸುವವರು ತೋಟದ ಹಳೆಯ ಸಂಬಳದ ಪುಸ್ತಕಗಳಿಂದ ಆರಂಭಿಸಬಹುದು. ಗೆದ್ದಲು ಹಿಡಿಯುವ ಮೊದಲು.