ಸಿಗಾರಿನ ರುಚಿ, ಅಂಗೈಯ ಸುಣ್ಣ

ಸಿಗಾರ್ ಸೇದಿ, ರುಚಿ ನೋಡಿ ಅಂಕ ಕೊಡುವುದು ಉಳ್ಳವರ ಹವ್ಯಾಸ. ಎಲೆ ಕ್ಯೂಬಾದ್ದೋ ನಿಕರಾಗುವಾದ್ದೋ ಎಂದು ವಿಚಾರಿಸುತ್ತಾರೆ. ಹೊಗೆಯನ್ನು ಬಾಯಲ್ಲಾಡಿಸಿ ಕಾಫಿ, ಕೋಕೋ, ಮಣ್ಣಿನ ವಾಸನೆ ಗುರುತಿಸುತ್ತಾರೆ. 'ಹೊಗೆ ಒಳಗೆ ಎಳೆದುಕೊಳ್ಳುವುದಿಲ್ಲವಲ್ಲ, ಅಪಾಯವೇನು?' ಎಂಬುದು ಹಲವರ ಸಮಾಧಾನ.

ಇದಕ್ಕೆ ಉತ್ತರ ಆಳಂದ, ಅಫಜಲಪುರ, ಜೇವರ್ಗಿಯ ಕಟ್ಟೆಗಳ ಮೇಲಿದೆ. ಅಲ್ಲಿ ತಂಬಾಕಿಗೆ ಸುಣ್ಣ ಬೆರೆಸಿ, ಅಂಗೈಯಲ್ಲಿ ತಿಕ್ಕಿ, ತುಟಿಯೊಳಗೆ ಇಟ್ಟುಕೊಳ್ಳುತ್ತಾರೆ. ಹೊಗೆಯೇ ಇಲ್ಲ; ಆದರೂ ತಲೆಗೇರುತ್ತದೆ. ಏಕೆಂದರೆ ಸುಣ್ಣ ಕ್ಷಾರ. ಕ್ಷಾರ ಸೇರಿದಾಗ ನಿಕೋಟಿನ್ ಬಾಯಿಯ ಒಳಪೊರೆಯನ್ನು ಸಲೀಸಾಗಿ ದಾಟಿ ರಕ್ತಕ್ಕಿಳಿಯುತ್ತದೆ. ಹುದುಗಿಸಿ ಹದ ಮಾಡಿದ ಸಿಗಾರ್ ಎಲೆಯ ಹೊಗೆಗೂ ಕ್ಷಾರಗುಣವಿದೆ. ದೊಡ್ಡ ಸಿಗಾರ್ ಒಂದರಲ್ಲಿ ಒಂದು ಪ್ಯಾಕ್ ಸಿಗರೇಟಿನಷ್ಟು ತಂಬಾಕು ಇರಬಹುದು. ಬೆಲೆ ಬೇರೆ, ರಸಾಯನಶಾಸ್ತ್ರ ಒಂದೇ. ಬಾಯಿಯ ಕ್ಯಾನ್ಸರಿನ ಅಪಾಯ ಎರಡರಲ್ಲೂ ಉಂಟು.

ರುಚಿ ಗುರುತಿಸುವುದೇನೋ ಒಳ್ಳೆಯ ವಿದ್ಯೆಯೇ. ಅದಕ್ಕೆ ಹೊಗೆಯೇ ಬೇಕೆ? ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಅದನ್ನೂ ಬೇರೆ ಊರಿನ ಬೇಳೆಯನ್ನೂ ಬೇರೆ ಬೇರೆಯಾಗಿ ಬೇಯಿಸಿ. ಮಕ್ಕಳ ಕಣ್ಣು ಕಟ್ಟಿ, ವಾಸನೆ, ರುಚಿ, ಬೆಂದ ಹದ ಹೇಳಿಸಿ ಬರೆದುಕೊಳ್ಳಿ. ಅಂಕ ಕೊಡುವ ಹವ್ಯಾಸ ಅಡುಗೆಮನೆಯಿಂದಲೇ ಶುರುವಾಗಲಿ.