ಕಾರ್ಡ್ ಇದೆ, ಓದೋರು ಬೇಕಲ್ಲ!

ಡಿಜಿಟಲ್ ಕ್ಯಾಮೆರಾ ಕೆಡೋದಕ್ಕಿಂತ ಮುಂಚೆ ಅದರ ಮೆಮೊರಿ ಕಾರ್ಡೇ ಹಳತಾಗಿಬಿಡುತ್ತೆ. ನಮ್ಮಪ್ಪನ ಕ್ಯಾಮೆರಾ 2005ರದ್ದು. ಲೆನ್ಸ್ ಸರಿಯಾಗಿದೆ, ಫ್ಲ್ಯಾಶ್ ಬೀಳುತ್ತೆ, ಪೆನ್ಸಿಲ್ ಸೆಲ್ ಯಾವ ಅಂಗಡಿಯಲ್ಲಾದರೂ ಸಿಗುತ್ತೆ. ಅದರಲ್ಲಿರೋ 1 ಜಿಬಿ ಕಾರ್ಡ್ ತುಂಬಿ ವರ್ಷಗಳಾದವು. ಒಂದು ಫೋಟೋನೂ ಅಳಿಸೋಕೆ ಅಪ್ಪ ಬಿಡಲ್ಲ. ಅಜ್ಜಿ ನಮ್ಮ ಜೊತೆಗಿದ್ದ ಕೊನೆಯ ದೀಪಾವಳಿ ಅದರಲ್ಲಿದೆ.

ಹೋದ ವರ್ಷ ತಮ್ಮ 32 ಜಿಬಿಯ ಹೊಸ ಕಾರ್ಡ್ ತಂದುಕೊಟ್ಟ. ಅದೇ ಆಕಾರ, ಅದೇ ಅಳತೆ. ಸ್ಲಾಟ್‌ನಲ್ಲಿ ಸಲೀಸಾಗಿ ಕೂತಿತು. ಆದರೆ ಪರದೆ ಮೇಲೆ ಬಂದದ್ದು ‘ಕಾರ್ಡ್ ಎರರ್’. ಅಪ್ಪನಿಗೆ ಹೊಸ ಕಾರ್ಡಿನ ಚಿಂತೆ ಇರಲಿಲ್ಲ. “ಹಾಗಾದ್ರೆ ಹಳೇ ಕಾರ್ಡನ್ನೂ ಇನ್ಮೇಲೆ ಯಾವ ಕಂಪ್ಯೂಟರೂ ಓದಲ್ವಾ?” ಅಂದ್ರು.

ಓದುತ್ತೆ. ಕಾರಣ ಸರಳ. ಹಳೇ ಎಸ್‌ಡಿ ಕಾರ್ಡಿನಲ್ಲಿ ಮಾಹಿತಿಯ ವಿಳಾಸವನ್ನು ಒಂದೊಂದು ಬೈಟ್ ಲೆಕ್ಕದಲ್ಲಿ ಹೇಳಬೇಕಿತ್ತು. ಆ ಕಾರ್ಡುಗಳಿಗೆ 2 ಜಿಬಿಯ ಮಿತಿ. 2006ರಲ್ಲಿ ಬಂದ ಎಸ್‌ಡಿಎಚ್‌ಸಿ, 512 ಬೈಟ್‌ಗಳ ಒಂದೊಂದು ಗುಂಪಿನ ಲೆಕ್ಕಕ್ಕೆ ಬದಲಾಯಿತು. ಕಾಳು ಎಣಿಸುತ್ತಿದ್ದವರು ಸೇರಿನಲ್ಲಿ ಅಳೆಯೋಕೆ ಶುರು ಮಾಡಿದ ಹಾಗೆ. ಹಳೇ ಕ್ಯಾಮೆರಾಗೆ ಸೇರಿನ ಲೆಕ್ಕ ಗೊತ್ತಿಲ್ಲ. ಹೊಸ ಕಾರ್ಡ್ ರೀಡರ್‌ಗಳಿಗೆ ಎರಡೂ ಗೊತ್ತು.

ಎಲ್ಲ ಕಾರ್ಡುಗಳಿಗೂ ಈ ಅದೃಷ್ಟ ಇಲ್ಲ. ಸ್ಮಾರ್ಟ್‌ಮೀಡಿಯಾ 128 ಎಂಬಿಗೇ ನಿಂತುಹೋಯಿತು. ಅದರ ಜಾಗಕ್ಕೆ 2002ರಲ್ಲಿ ಒಲಿಂಪಸ್ ಮತ್ತು ಫ್ಯೂಜಿಫಿಲ್ಮ್ ತಂದ ಎಕ್ಸ್‌ಡಿ ಕಾರ್ಡ್ 2 ಜಿಬಿ ದಾಟಲಿಲ್ಲ. 1998ರಿಂದ ತನ್ನದೇ ಮೆಮೊರಿ ಸ್ಟಿಕ್ ಬಳಸುತ್ತಿದ್ದ ಸೋನಿ ಕೂಡ 2010ರಲ್ಲಿ ಎಸ್‌ಡಿಗೆ ಜಾಗ ಕೊಟ್ಟಿತು. ಇನ್ನು ಲ್ಯಾಪ್‌ಟಾಪ್ ಕಥೆ ನೋಡಿ. ಮ್ಯಾಕ್‌ಬುಕ್ ಪ್ರೊದಿಂದ 2016ರಲ್ಲಿ ಮಾಯವಾದ ಎಸ್‌ಡಿ ಸ್ಲಾಟ್ 2021ರಲ್ಲಿ ವಾಪಸ್ ಬಂತು! ಯಾವುದು ಉಳಿಯುತ್ತೆ, ಯಾವುದು ಹೋಗುತ್ತೆ ಅಂತ ಊಹಿಸೋದು ನಮ್ಮ ಕೈಲಿಲ್ಲ.

ಸಮಾಧಾನದ ವಿಷಯ ಅಂದ್ರೆ, ಫೋಟೋ ಬೇರೆ, ಕಾರ್ಡ್ ಬೇರೆ. ಜೆಪೆಗ್ 1992ರ ಮಾನದಂಡ. ಇವತ್ತಿನ ಯಾವ ಫೋನಿನಲ್ಲಾದರೂ ತೆರೆಯುತ್ತೆ. ಹಳತಾಗೋದು ಫೋಟೋ ಅಲ್ಲ, ಅಲ್ಲಿಗೆ ಹೋಗೋ ದಾರಿ.

ಆದರೆ ಕಾರ್ಡನ್ನು ಬೀರುವಿನಲ್ಲಿಟ್ಟು ನಿಶ್ಚಿಂತೆಯಾಗಿರೋಕೂ ಆಗಲ್ಲ. ಫ್ಲ್ಯಾಶ್ ಮೆಮೊರಿ ಮಾಹಿತಿಯನ್ನು ಹಿಡಿದಿಡೋದು ವಿದ್ಯುತ್ ಚಾರ್ಜ್ ರೂಪದಲ್ಲಿ. ವರ್ಷಗಟ್ಟಲೆ ಸುಮ್ಮನೆ ಬಿದ್ದಿದ್ದರೆ ಅದು ಮೆಲ್ಲಗೆ ಸೋರುತ್ತೆ. ಕಾರ್ಡ್ ಇರೋದು ಫೋಟೋ ಸಾಗಿಸೋಕೆ, ಅದು ಆಲ್ಬಮ್ ಅಲ್ಲ.

ಅಪ್ಪನ ಕಾರ್ಡಿನ ಅಷ್ಟೂ ಫೋಟೋ ಒಂದು ಯುಎಸ್‌ಬಿ ರೀಡರ್‌ನಿಂದ ಹತ್ತೇ ನಿಮಿಷದಲ್ಲಿ ಇಳಿದವು. ಒಂದು ಪ್ರತಿ ಹಾರ್ಡ್ ಡಿಸ್ಕಿಗೆ, ಇನ್ನೊಂದು ಕ್ಲೌಡ್‌ಗೆ. ಅಜ್ಜಿ ಸುರುಸುರುಬತ್ತಿ ಹಿಡಿದಿರೋ ಒಂದನ್ನು ಪ್ರಿಂಟ್ ಹಾಕಿಸಿದ್ವಿ.

ನಿಮ್ಮ ಮನೆಯ ಡ್ರಾಯರ್‌ನಲ್ಲೂ ಹಳೇ ಕಾರ್ಡ್ ಇರಬಹುದು. ಎಸ್‌ಡಿ ಆದರೆ ಈ ಭಾನುವಾರವೇ ಕಾಪಿ ಮಾಡಿ. ಎಕ್ಸ್‌ಡಿಯೋ ಮೆಮೊರಿ ಸ್ಟಿಕ್ಕೋ ಆಗಿದ್ದರೆ, ಹಳೇ ಕ್ಯಾಮೆರಾನೂ ಅದರ ಕೇಬಲ್ಲೂ ಗುಜರಿಗೆ ಹೋಗೋ ಮುಂಚೆ ಮಾಡಿ. ಆ ಕಾರ್ಡನ್ನು ಓದೋಕೆ ಮನೆಯಲ್ಲಿ ಉಳಿದಿರೋದು ಅದೊಂದೇ ಇರಬಹುದು.